ಚಂದ್ರಲೋಕದ ಸಮಾಚಾರ

1835ನೆಯ ಇಸವಿ ಆಗಸ್ಟ್ 25ರಂದು ನ್ಯೂಯಾರ್ಕ್ ನಗರದ ‘ಸನ್’ ಪತ್ರಿಕೆಯಲ್ಲಿ ಒಂದು ಲೇಖನಮಾಲೆ ಮೊದಲಾಯಿತು. ಸರ್ ಜಾನ್ ಹರ್ಷೆಲ್ ಎಂಬ ಖ್ಯಾತ ಖಗೋಳಶಾಸ್ತ್ರಜ್ಞರು ದಕ್ಷಿಣ ಆಫ್ರಿಕದಲ್ಲಿ ಭಾರಿ ದೂರದರ್ಶಕವೊಂದನ್ನು ನಿಲ್ಲಿಸಿ ಚಂದ್ರನನ್ನು ನೋಡಲಾಗಿ, ಅಲ್ಲಿ ಕಾಡು, ಕಡಲು, ಕಾಡೆಮ್ಮೆಯಂಥ ಮೃಗಗಳು, ಕಡೆಗೆ ಬಾವಲಿಯ ರೆಕ್ಕೆಯುಳ್ಳ ಮನುಷ್ಯರು ಸಹ ಕಂಡರಂತೆ! ಆರು ಕಂತುಗಳನ್ನೂ ಜನ ಮುಗಿಬಿದ್ದು ಕೊಂಡರು. ಬೇರೆ ಪತ್ರಿಕೆಗಳೂ ಅದನ್ನು ಎತ್ತಿ ಅಚ್ಚು ಹಾಕಿದವು.

ಅಂದಿನ ವಾಚಕರು ಮೂಢರೆಂದು ನಾವು ನಗಬೇಕಾಗಿಲ್ಲ. ಸುಳ್ಳಿಗೆ ಅಲ್ಲಿ ಸತ್ಯದ ಉಡುಪನ್ನೇ ತೊಡಿಸಿತ್ತು. ಹರ್ಷೆಲರು 1834ರಿಂದ ಕೇಪ್ ಪ್ರಾಂತದಲ್ಲಿ ನಿಜವಾಗಿಯೂ ನಕ್ಷತ್ರವೀಕ್ಷಣೆ ನಡೆಸುತ್ತಿದ್ದರು. ಮಸೂರದ ವ್ಯಾಸ 24 ಅಡಿ, ಅದರ ಶಕ್ತಿ 42,000 ಪಟ್ಟು ಎಂಬ ಖಚಿತವಾದ ಅಂಕೆಗಳಿದ್ದವು. ಎಡಿನ್‌ಬರೋದ ವಿಜ್ಞಾನಪತ್ರಿಕೆಯೊಂದು ಇದಕ್ಕೆ ಮೂಲವೆಂಬ ಸೂಚನೆಯೂ ಇತ್ತು. ಆ ಪತ್ರಿಕೆ ಅಷ್ಟರಲ್ಲಾಗಲೇ ನಿಂತುಹೋಗಿತ್ತೆಂಬುದು ವಿಚಾರಿಸಿದವರಿಗೆ ಮಾತ್ರ ತಿಳಿಯುವ ಸಂಗತಿ. ಹರ್ಷೆಲರನ್ನೇ ಕೇಳೋಣವೆಂದರೆ ಕಾಗದ ಹಡಗಿನಲ್ಲಿ ಸಾಗರ ದಾಟಬೇಕು.

ಇದನ್ನು ಬರೆದವನು ರಿಚರ್ಡ್ ಆಡಮ್ಸ್ ಲಾಕ್. ತನ್ನ ಉದ್ದೇಶ ವಿಡಂಬನೆಯೆಂದು ಆತ 1840ರಲ್ಲಿ ಹೇಳಿಕೊಂಡನು. ಸ್ಕಾಟ್ಲೆಂಡಿನ ಥಾಮಸ್ ಡಿಕ್ ಮೊದಲಾದವರು ಧರ್ಮಶ್ರದ್ಧೆಯನ್ನೂ ಖಗೋಳವನ್ನೂ ಬೆರೆಸಿ, ಅನ್ಯಲೋಕಗಳಲ್ಲಿ ಜನವಸತಿ ಉಂಟೆಂದು ಬರೆದ ಪುಸ್ತಕಗಳು ಆಗ ಅಮೆರಿಕದಲ್ಲಿ ಬಹು ಜನಪ್ರಿಯವಾಗಿದ್ದವು. ಲಾಕ್ ಅಂಥ ಬರಹವನ್ನು ಗೇಲಿ ಮಾಡಹೊರಟನು. ಆದರೆ ಆ ಪುಸ್ತಕಗಳೇ ಜನರ ಮನಸ್ಸನ್ನು ಹದಗೊಳಿಸಿದ್ದವಾಗಿ, ಗೇಲಿಯ ಬೀಜವೂ ಅದೇ ನೆಲದಲ್ಲಿ ನಂಬಿಕೆಯಾಗಿ ಮೊಳೆಯಿತು. ತಪ್ಪೊಪ್ಪಿಗೆಯನ್ನು ‘ಸನ್’ ಎಂದೂ ಅಚ್ಚು ಹಾಕಲಿಲ್ಲ.

ವಿಡಂಬನೆಗೆ ಸಂಶಯಪಡುವ ವಾಚಕ ಬೇಕು. ಅವನಿಲ್ಲದೆಡೆ ಅದು ಬರಿಯ ಸುಳ್ಳಾಗಿ ಉಳಿಯುತ್ತದೆ. ಇಂದು ಹಾಸ್ಯಕ್ಕೆಂದೇ ಬರೆದ ಸುದ್ದಿ, ಬರೆದವರ ಹೆಸರನ್ನು ಕಳೆದುಕೊಂಡು, ಮೊಬೈಲಿನಿಂದ ಮೊಬೈಲಿಗೆ ನಿಮಿಷದಲ್ಲಿ ಹಾರುತ್ತದೆ. ಆದರೆ ಹರ್ಷೆಲರ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಿದ್ದ ಕಷ್ಟ ನಮಗಿಲ್ಲ. ಮೂಲವೆಲ್ಲಿ ಎಂದು ಹುಡುಕುವ ಸಾಧನವೂ ಅದೇ ಕೈಯಲ್ಲಿದೆ. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡೆಂದರು ಹಿರಿಯರು. ನಮಗೆ ಒಗ್ಗದ ಸುದ್ದಿಯನ್ನು ಹೇಗೂ ಪರಾಂಬರಿಸುತ್ತೇವೆ. ಓದಿದೊಡನೆ ‘ನಾನು ಅಂದುಕೊಂಡಂತೆಯೇ ಆಯಿತು’ ಎನಿಸುವ ಸುದ್ದಿಯ ವಿಷಯದಲ್ಲಿಯೇ ಈ ಮಾತು ಹೆಚ್ಚು ಅಗತ್ಯ.