ವೆಲೆನ್ಸಿಯಾ: ನದಿ ಹರಿದ ಜಾಗದಲ್ಲಿ ಉದ್ಯಾನ, ಚರ್ಚ್ ಬಾಗಿಲಲ್ಲಿ ನೀರಿನ ಕೋರ್ಟ್

ಸ್ಪೇನ್ ಪ್ರವಾಸ ಎಂದರೆ ಹೆಚ್ಚಿನವರು ಬಾರ್ಸಿಲೋನಾ, ಮ್ಯಾಡ್ರಿಡ್ ನೋಡಿ ಮರಳುತ್ತಾರೆ. ಮೆಡಿಟರೇನಿಯನ್ ಸಮುದ್ರದ ದಡದಲ್ಲಿರುವ ವೆಲೆನ್ಸಿಯಾ ಆ ದೇಶದ ಮೂರನೇ ದೊಡ್ಡ ನಗರ. ಮ್ಯಾಡ್ರಿಡ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಇಲ್ಲಿನ ಉದ್ಯಾನ, ನ್ಯಾಯಪೀಠ, ಊಟ ಎಲ್ಲದರ ಹಿಂದೆಯೂ ನೀರಿನ ಕಥೆಯಿದೆ. ಅದು ಗೊತ್ತಿದ್ದರೆ ನಗರ ಇನ್ನಷ್ಟು ಹತ್ತಿರವಾಗುತ್ತದೆ.

ನದಿಪಾತ್ರವೇ ಉದ್ಯಾನ

1957ರ ಅಕ್ಟೋಬರ್‌ನಲ್ಲಿ ತುರಿಯಾ ನದಿ ಉಕ್ಕಿ ನಗರ ಮುಳುಗಿತು. 80ಕ್ಕೂ ಹೆಚ್ಚು ಜನ ಸತ್ತರು. ಬಳಿಕ ಸರ್ಕಾರ ನಗರದ ದಕ್ಷಿಣಕ್ಕೆ ಹೊಸ ಕಾಲುವೆ ತೋಡಿಸಿ ನದಿಯನ್ನೇ ಅತ್ತ ತಿರುಗಿಸಿತು. ಖಾಲಿಯಾದ ಹಳೆಯ ಪಾತ್ರದಲ್ಲಿ ಹೆದ್ದಾರಿ ಮಾಡುವ ಯೋಜನೆಯಿತ್ತು. ನಾಗರಿಕರು ಬೀದಿಗಿಳಿದು ವಿರೋಧಿಸಿದರು, ಅಲ್ಲಿ ಹಸಿರು ಬೇಕೆಂದು ಹಟ ಹಿಡಿದರು. ಅದರ ಫಲವೇ ಇಂದಿನ ಸುಮಾರು 9 ಕಿಲೋಮೀಟರ್ ಉದ್ದದ ತುರಿಯಾ ಉದ್ಯಾನ. ಹಳೆಯ ಸೇತುವೆಗಳು ಹಾಗೆಯೇ ಇವೆ. ಕೆಳಗೆ ನೀರಿನ ಬದಲು ಸೈಕಲ್ ಸವಾರರು, ಆಟವಾಡುವ ಮಕ್ಕಳು. ಮಲಗಿರುವ ಗಲಿವರ್ ಆಕಾರದ ಬೃಹತ್ ಆಟದ ತಾಣ ಮಕ್ಕಳಿಗೆ ಅಚ್ಚುಮೆಚ್ಚು.

ಕಲೆ ಮತ್ತು ವಿಜ್ಞಾನ ನಗರಿ

ಇದೇ ಪಾತ್ರದಲ್ಲಿ ಸಮುದ್ರದ ಕಡೆಗೆ ಸಾಗಿದರೆ ಬಿಳಿ ಬಣ್ಣದ ಈ ಕಟ್ಟಡಗಳ ಸಮೂಹ ಎದುರಾಗುತ್ತದೆ. ವೆಲೆನ್ಸಿಯಾದವರೇ ಆದ ವಾಸ್ತುಶಿಲ್ಪಿ ಸಾಂತಿಯಾಗೋ ಕಲಾತ್ರಾವಾ ಇದರ ಮುಖ್ಯ ವಿನ್ಯಾಸಕಾರ. ಕಣ್ಣಿನ ಆಕಾರದ ಹೆಮಿಸ್ಫೆರಿಕ್ ಚಿತ್ರಮಂದಿರ 1998ರಲ್ಲಿ ತೆರೆಯಿತು. ನಂತರ ವಿಜ್ಞಾನ ಮ್ಯೂಸಿಯಂ, ಒಪೆರಾ ಭವನ ಬಂದವು. ಯುರೋಪಿನ ದೊಡ್ಡ ಅಕ್ವೇರಿಯಂಗಳಲ್ಲಿ ಒಂದಾದ ಓಷಿಯಾನೋಗ್ರಾಫಿಕ್ ಕೂಡ ಇಲ್ಲಿದೆ. ಒಳಗೆ ಹೋಗಲು ಟಿಕೆಟ್ ಬೇಕು. ಕಟ್ಟಡಗಳನ್ನು ಹೊರಗಿನಿಂದ ನೋಡಲು ಬೇಕಿಲ್ಲ.

ಗುರುವಾರದ ನೀರಿನ ಕೋರ್ಟ್

ಹಳೆಯ ಪೇಟೆಯ ಕ್ಯಾಥೆಡ್ರಲ್ ಚರ್ಚ್‌ನ ಅಪೋಸ್ತಲರ ಬಾಗಿಲ ಬಳಿ ಗುರುವಾರ ಮಧ್ಯಾಹ್ನ 12ಕ್ಕೆ ಜನ ಸೇರುತ್ತಾರೆ. ಕಪ್ಪು ನಿಲುವಂಗಿ ತೊಟ್ಟ ಎಂಟು ಮಂದಿ ಬಂದು ಕೂರುತ್ತಾರೆ. ಇವರು ತುರಿಯಾ ನದಿಯ ನೀರು ಬಳಸುವ ಎಂಟು ಕಾಲುವೆಗಳ ರೈತರು ಆರಿಸಿದ ಪ್ರತಿನಿಧಿಗಳು. ಯಾರು ಸರದಿ ತಪ್ಪಿಸಿದರು, ಯಾರು ನೀರು ಪೋಲು ಮಾಡಿದರು ಎಂಬ ದೂರುಗಳನ್ನು ಬಾಯಿಮಾತಿನಲ್ಲೇ ಕೇಳಿ ಅಲ್ಲಿಯೇ ತೀರ್ಪು ಕೊಡುತ್ತಾರೆ. ಈ ಪದ್ಧತಿಯ ಬೇರು ಮಧ್ಯಯುಗದ ಅರಬ್ ಆಳ್ವಿಕೆಯ ಕಾಲದ್ದು ಎಂಬುದು ಪ್ರತೀತಿ. 2009ರಲ್ಲಿ ಯುನೆಸ್ಕೋ ಮಾನ್ಯತೆಯೂ ಸಿಕ್ಕಿದೆ. ದೂರು ಇಲ್ಲದ ದಿನ ಕಲಾಪ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಹಾಗಾಗಿ ಸ್ವಲ್ಪ ಮುಂಚಿತವಾಗಿ ಹೋಗುವುದು ಒಳ್ಳೆಯದು.

ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಲೋಂಜಾ ಎಂಬ 15ನೇ ಶತಮಾನದ ರೇಷ್ಮೆ ವ್ಯಾಪಾರ ಭವನವಿದೆ. ಹಗ್ಗದಂತೆ ಹೊಸೆದ ಕಲ್ಲಿನ ಕಂಬಗಳ ಸಭಾಂಗಣ ನೋಡಲೇಬೇಕಾದದ್ದು. ಎದುರಿಗೇ 1928ರಲ್ಲಿ ಶುರುವಾದ ಸೆಂಟ್ರಲ್ ಮಾರುಕಟ್ಟೆ. ಇದು ಬೆಳಗಿನ ಹೊತ್ತಿನ ಮಾರುಕಟ್ಟೆ, ಭಾನುವಾರ ರಜೆ.

ಸುಡುವುದಕ್ಕೆಂದೇ ಮಾಡುವ ಕಲೆ

ಮಾರ್ಚ್‌ನ ಫಾಯಸ್ ಹಬ್ಬಕ್ಕೆ ಬಡಾವಣೆಯ ಜನರೇ ಸಂಘ ಕಟ್ಟಿಕೊಂಡು, ಹಣ ಸೇರಿಸಿ ದೈತ್ಯ ಬೊಂಬೆಗಳ ಗೋಪುರ ನಿಲ್ಲಿಸುತ್ತಾರೆ. ರಾಜಕಾರಣಿಗಳನ್ನು ಲೇವಡಿ ಮಾಡುವ ಬೊಂಬೆಗಳೂ ಇರುತ್ತವೆ. ಮಾರ್ಚ್ 19ರ ರಾತ್ರಿ ಎಲ್ಲಕ್ಕೂ ಬೆಂಕಿ. ಜನರ ಮತ ಗಳಿಸಿದ ಬೊಂಬೆ ಮಾತ್ರ ಪಾರಾಗಿ ಮ್ಯೂಸಿಯಂ ಸೇರುತ್ತದೆ. ಮಾರ್ಚ್ 1ರಿಂದಲೇ ಪ್ರತಿ ಮಧ್ಯಾಹ್ನ 2ಕ್ಕೆ ನಗರಸಭೆ ಚೌಕದಲ್ಲಿ ಕಿವಿಗಡಚಿಕ್ಕುವ ಪಟಾಕಿ ಪ್ರದರ್ಶನ ಇರುತ್ತದೆ. ಚಿಕ್ಕ ಮಕ್ಕಳಿದ್ದರೆ ದೂರ ನಿಲ್ಲಿ.

‘ಜಿಂದಗಿ ನಾ ಮಿಲೇಗಿ ದೋಬಾರಾ’ ಚಿತ್ರದಲ್ಲಿ ಕಂಡ ಟೊಮೆಟೊ ಎರಚಾಟ ನಡೆಯುವುದು ಇಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಬುನ್ಯೋಲ್‌ನಲ್ಲಿ, ಆಗಸ್ಟ್‌ನ ಕೊನೆಯ ಬುಧವಾರ. ಅದಕ್ಕೆ ಟಿಕೆಟ್ ಬೇಕು.

ಊಟದ ಮಾತು

ನಗರದ ದಕ್ಷಿಣಕ್ಕಿರುವ ಅಲ್ಬುಫೆರಾ ಸರೋವರದ ಸುತ್ತ ಭತ್ತದ ಗದ್ದೆಗಳಿವೆ. ಪಾಯೆಯಾ ಎಂಬ ಅನ್ನದ ಖಾದ್ಯದ ತವರು ಇದೇ. ಸಾಂಪ್ರದಾಯಿಕ ಪಾಯೆಯಾದಲ್ಲಿ ಕೋಳಿ, ಮೊಲದ ಮಾಂಸ ಇರುತ್ತದೆ. ತರಕಾರಿಯದ್ದು ಕೇಳಿದರೂ ಅದನ್ನು ಮಾಂಸದ ಸಾರಿನಲ್ಲಿ ಬೇಯಿಸಿಲ್ಲ ಎಂಬುದನ್ನು ಸಸ್ಯಾಹಾರಿಗಳು ಖಚಿತಪಡಿಸಿಕೊಳ್ಳಬೇಕು. ಚುಫಾ ಎಂಬ ಗೆಡ್ಡೆಯಿಂದ ತೆಗೆದ ಓರ್ಚಾತಾ ಎಂಬ ತಂಪು ಪಾನೀಯಕ್ಕೆ ಹಾಲು ಬಳಸುವುದಿಲ್ಲ.

2024ರ ಗಾಯ

ಯುರೋಪಿನ ಹಸಿರು ರಾಜಧಾನಿ ಎಂಬ ಬಿರುದು ಹೊತ್ತಿದ್ದ ವರ್ಷವೇ, 2024ರ ಅಕ್ಟೋಬರ್ 29ರಂದು, ವೆಲೆನ್ಸಿಯಾ ಪ್ರಾಂತ್ಯದಲ್ಲಿ ಪ್ರವಾಹಕ್ಕೆ 220ಕ್ಕೂ ಹೆಚ್ಚು ಜನ ಬಲಿಯಾದರು. 1957ರ ನಂತರ ತೋಡಿದ ಕಾಲುವೆ ನಗರದ ಬಹುಭಾಗವನ್ನು ಕಾಪಾಡಿತು. ಆದರೆ ಕಾಲುವೆಯ ಆಚೆಗಿನ ಪೈಪೋರ್ತಾ, ಕಾತರೋಜಾದಂಥ ಊರುಗಳಿಗೆ ಬೇರೊಂದು ಹಳ್ಳದ ನೀರು ನುಗ್ಗಿತು. ಮೊಬೈಲ್‌ಗಳಿಗೆ ಎಚ್ಚರಿಕೆ ಸಂದೇಶ ಬಂದದ್ದು ರಾತ್ರಿ 8 ಗಂಟೆ ದಾಟಿದ ಮೇಲೆ. ಅಷ್ಟರಲ್ಲಿ ಅನೇಕ ಮನೆಗಳು ಮುಳುಗಿದ್ದವು. ಆ ಸಿಟ್ಟು ಬೀದಿ ಪ್ರತಿಭಟನೆಗಳಾಗಿ ಹೊರಬಂತು. ಪ್ರವಾಹದ ಬಳಿಕ ನಗರದ ಸಾವಿರಾರು ಮಂದಿ ಪೊರಕೆ, ಸಲಿಕೆ ಹಿಡಿದು ಕಾಲುವೆಯ ಮೇಲಿನ ಕಾಲುಸೇತುವೆ ದಾಟಿ ನೆರೆಯೂರುಗಳ ನೆರವಿಗೆ ನಡೆದಿದ್ದರು. ಉದ್ಯಾನದಲ್ಲಿ ಅಡ್ಡಾಡುವವರು, ಆ ನದಿಯನ್ನು ಎಲ್ಲಿಗೆ ಕಳಿಸಲಾಯಿತು ಎಂಬುದನ್ನೂ ತಿಳಿದಿರಬೇಕು.

ಗಮನದಲ್ಲಿರಲಿ

* ಭಾರತೀಯರಿಗೆ ಶೆಂಗನ್ ವೀಸಾ ಬೇಕು.
* ವಿಮಾನ ನಿಲ್ದಾಣದಿಂದ ನಗರದೊಳಕ್ಕೆ ಮೆಟ್ರೋ ಇದೆ.
* ಫಾಯಸ್ ಸಮಯದಲ್ಲಿ ಹೋಟೆಲ್ ದುಬಾರಿ. ತಿಂಗಳುಗಳ ಮೊದಲೇ ಕಾಯ್ದಿರಿಸಿ.
* ಶರತ್ಕಾಲದಲ್ಲಿ ಹೋಗುವವರು ಸ್ಪೇನ್ ಹವಾಮಾನ ಇಲಾಖೆಯ ಮಳೆ ಎಚ್ಚರಿಕೆಗಳನ್ನು ದಿನವೂ ನೋಡಿಕೊಳ್ಳಿ. ರೆಡ್ ಅಲರ್ಟ್ ಇದ್ದರೆ ಹೊರಗೆ ಹೋಗಬೇಡಿ.