ಮರ ಕೊಲ್ಲುವ ದುಂಬಿಗೆ ಕಣಜದ ಕಾವಲು

ಉತ್ತರ ಅಮೆರಿಕದ ಆಶ್ ಮರಗಳನ್ನು ಬಲಿ ತೆಗೆದುಕೊಳ್ಳುತ್ತಿರುವ ವಿದೇಶಿ ದುಂಬಿಯೊಂದರ ಜಾಡು ಹಿಡಿಯಲು ಅಲ್ಲಿನ ಸ್ವಯಂಸೇವಕರು ನೆಚ್ಚಿಕೊಂಡಿರುವುದು ಅದೇ ನೆಲದ ಕಣಜವೊಂದನ್ನು. ಇದರ ವೈಜ್ಞಾನಿಕ ಹೆಸರು ಸೆರ್ಸೆರಿಸ್ ಫ್ಯೂಮಿಪೆನ್ನಿಸ್.

ಎಮರಾಲ್ಡ್ ಆಶ್ ಬೋರರ್ ಎಂಬ ಈ ಹಸಿರು ದುಂಬಿ ಪೂರ್ವ ಏಷ್ಯಾ ಮೂಲದ್ದು. 2002ರಲ್ಲಿ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಬಳಿ ಮೊದಲ ಬಾರಿಗೆ ಪತ್ತೆಯಾಯಿತು. ಅಲ್ಲಿಂದೀಚೆಗೆ ಕೋಟ್ಯಂತರ ಮರಗಳು ಒಣಗಿವೆ. ಇದರ ಮರಿಹುಳು ತೊಗಟೆಯಡಿ ಸುರಂಗ ಕೊರೆದು, ಆಹಾರ ಹರಿಯುವ ಪದರವನ್ನೇ ತಿನ್ನುತ್ತದೆ. ಹೊರಗೆ ಏನೂ ಕಾಣದು. ಮರದ ತುದಿ ಒಣಗಿ ಅನುಮಾನ ಹುಟ್ಟುವ ವೇಳೆಗೆ ದುಂಬಿ ಆ ಊರಿನಲ್ಲಿ ನೆಲೆಯೂರಿ ವರ್ಷಗಳೇ ಕಳೆದಿರುತ್ತವೆ. ಮರಗಳಿಗೆ ತೂಗುಹಾಕುವ ಅಂಟುಬಲೆಗಳೂ ದುಂಬಿಗಳ ಸಂಖ್ಯೆ ಕಡಿಮೆ ಇರುವಾಗ ಅಷ್ಟಾಗಿ ಫಲ ಕೊಡವು.

ಮನುಷ್ಯನ ಕಣ್ಣಿಗೆ ಬೀಳದ ದುಂಬಿಯನ್ನು ಕಣಜ ಹುಡುಕಿ ತರುತ್ತದೆ. ಹೆಣ್ಣು ಕಣಜ ಗಟ್ಟಿಯಾದ ಮರಳುನೆಲದಲ್ಲಿ ಪೆನ್ಸಿಲ್ ಗಾತ್ರದ ಬಿಲ ತೋಡಿ, ಆಶ್ ಬೋರರ್‌ನ ಕುಟುಂಬಕ್ಕೆ ಸೇರಿದ ದುಂಬಿಗಳನ್ನೇ ಆರಿಸಿ ಬೇಟೆಯಾಡುತ್ತದೆ. ಕುಟುಕಿ ನಿಶ್ಚೇಷ್ಟಗೊಳಿಸಿ, ಮರಿಗಳ ಆಹಾರಕ್ಕೆಂದು ಬಿಲದಲ್ಲಿ ಕೂಡಿಡುತ್ತದೆ. ಬೇಸ್‌ಬಾಲ್ ಮೈದಾನಗಳೆಂದರೆ ಇದಕ್ಕೆ ಅಚ್ಚುಮೆಚ್ಚು. (ಆ ಆಟದ ಬ್ಯಾಟುಗಳನ್ನು ಬಹುಕಾಲ ಹೆಚ್ಚಾಗಿ ಆಶ್ ಮರದಿಂದ ಮಾಡುತ್ತಿದ್ದುದು ಕಾಕತಾಳೀಯ.)

ಜುಲೈ, ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಸ್ವಯಂಸೇವಕರು ಬಲೆ ಹಿಡಿದು ಬಿಲಗಳ ಬಳಿ ಕಾದು ಕೂರುತ್ತಾರೆ. ಕೆಲವರು ಸಣ್ಣ ರಂಧ್ರವಿರುವ ಕಾಗದದ ರಟ್ಟನ್ನು ಬಿಲದ ಮೇಲಿಡುವುದುಂಟು. ಬರಿಗೈಯಲ್ಲಿ ಹೊರಹೋದ ಕಣಜ ದುಂಬಿ ಹೊತ್ತು ಮರಳಿದಾಗ ಒಳನುಗ್ಗಲಾರದೆ ತಡವರಿಸುತ್ತದೆ. ಆಗ ಬಲೆ ಬೀಳುತ್ತದೆ. ದುಂಬಿಯನ್ನು ತಜ್ಞರಿಗೆ ಕಳುಹಿಸಿ, ಕಣಜವನ್ನು ಬಿಟ್ಟುಬಿಡುತ್ತಾರೆ. ಇದು ಮನುಷ್ಯರನ್ನು ಕುಟುಕುವ ಜಾತಿಯಲ್ಲವಾದ್ದರಿಂದ ಮಕ್ಕಳೂ ಈ ಕೆಲಸದಲ್ಲಿ ಕೈಜೋಡಿಸಬಹುದು.

2012ರ ಜುಲೈನಲ್ಲಿ ಕನೆಕ್ಟಿಕಟ್ ರಾಜ್ಯಕ್ಕೆ ದುಂಬಿ ಕಾಲಿಟ್ಟ ಸಂಗತಿ ಪ್ರಾಸ್ಪೆಕ್ಟ್ ಪಟ್ಟಣದಲ್ಲಿ ಮೊದಲು ಗೊತ್ತಾದದ್ದು ಈ ಕಣಜಗಳಿಂದಲೇ.

ಕಣಜ ಬರೀ ಸುಳಿವು ಕೊಡುತ್ತದೆ, ದುಂಬಿಯ ಹಾವಳಿಯನ್ನು ತಡೆಯಲಾರದು. ದುಂಬಿಯ ನಿಯಂತ್ರಣಕ್ಕೆಂದು ಚೀನಾದಿಂದ ತಂದು 2007ರಿಂದ ಬಿಡಲಾಗುತ್ತಿರುವ ಪುಟ್ಟ ಪರಾವಲಂಬಿ ಕಣಜಗಳೇ ಬೇರೆ. ಆದರೂ ಸುಳಿವಿಗೆ ಬೆಲೆಯಿದೆ. ಬೇಗ ತಿಳಿದರೆ ಯಾವ ಮರಕ್ಕೆ ಕೀಟನಾಶಕದ ಚುಚ್ಚುಮದ್ದು ಕೊಡಬೇಕು, ಯಾವುದನ್ನು ಕಡಿಯಬೇಕು ಎಂದು ನಿರ್ಧರಿಸಲು ಸಮಯ ಸಿಗುತ್ತದೆ. ಆಶ್ ಸೌದೆಯ ಸಾಗಾಟದ ಮೇಲಿದ್ದ ಅಮೆರಿಕ ಕೇಂದ್ರ ಸರ್ಕಾರದ ನಿರ್ಬಂಧ 2021ರ ಜನವರಿಯಲ್ಲಿ ರದ್ದಾದ ಬಳಿಕ ಈ ಹೊಣೆ ಹೆಚ್ಚಾಗಿ ರಾಜ್ಯಗಳ ಹೆಗಲೇರಿದೆ.

ಮೈನ್ ರಾಜ್ಯದ ವಬನಾಕಿ ಮೂಲನಿವಾಸಿಗಳು ಕಪ್ಪು ಆಶ್ ಮರದ ಸೀಳುಪಟ್ಟಿಗಳಿಂದ ತಲೆಮಾರುಗಳಿಂದ ಬುಟ್ಟಿ ಹೆಣೆಯುತ್ತ ಬಂದವರು. 2018ರಲ್ಲಿ ದುಂಬಿ ಆ ರಾಜ್ಯವನ್ನೂ ತಲುಪಿತು.