ಗಾಳದ ರೀಲಿನ ದೀರ್ಘಬಾಳಿಕೆ: ಕೆಂಟಕಿಯಿಂದ ಸ್ವೆಂಗ್‌ಸ್ತಾವರೆಗೆ

೧

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ಜನ್ಮಕಥೆಯನ್ನು ಹೇಳಿ ಮುಗಿಸುತ್ತಾರೆ. ಯಾರು ಕಂಡುಹಿಡಿದರು, ಯಾವ ವರ್ಷ ಪೇಟೆಂಟು ದೊರೆಯಿತು, ಯಾವ ಊರಿನಲ್ಲಿ ಕಾರ್ಖಾನೆ ಸ್ಥಾಪನೆಯಾಯಿತು ಎಂಬಷ್ಟಕ್ಕೆ ಅಧ್ಯಾಯ ಕೊನೆಗೊಳ್ಳುತ್ತದೆ. ಆದರೆ ಯಂತ್ರದ ಆಯುಷ್ಯದಲ್ಲಿ ಜನ್ಮವೆಂಬುದು ಒಂದು ದಿನದ ಮಾತು. ಉಳಿದದ್ದೆಲ್ಲ ಬಳಕೆ, ಸವೆತ, ದುರಸ್ತಿಗಳ ಕಥೆ. ಈ ಎರಡನೆಯ ಕಥೆಯನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಬರೆದರೆ ಇತಿಹಾಸವು ಅಪೂರ್ಣವಾಗುತ್ತದೆಂಬುದು ನಮ್ಮ ಅಭಿಪ್ರಾಯ. ಇದನ್ನು ಪರೀಕ್ಷಿಸಲು ಈ ಲೇಖನದಲ್ಲಿ ನಾವು ಅಂಗೈಯಲ್ಲಿ ಹಿಡಿಯಬಹುದಾದ ಒಂದು ಚಿಕ್ಕ ಯಂತ್ರವನ್ನು ಆರಿಸಿಕೊಂಡಿದ್ದೇವೆ. ಅದು ಬೇಟ್‌ಕಾಸ್ಟಿಂಗ್ ರೀಲು. ಎಂದರೆ ಗಾಳದ ಕೋಲಿನ ಮೇಲೆ ಕುಳಿತು ದಾರವನ್ನು ಬಿಡುವ, ಮತ್ತೆ ಸುತ್ತಿಕೊಳ್ಳುವ ರಾಟೆ.

ವಸ್ತು ಕ್ಷುಲ್ಲಕವೆಂದು ಓದುಗರಿಗೆ ತೋರಬಹುದು. ಆದರೆ ಐವತ್ತು, ಅರವತ್ತು ವರ್ಷ ಹಳೆಯದಾದ ಇಂಥ ರೀಲುಗಳು ಇಂದಿಗೂ ನದಿತೀರಗಳಲ್ಲಿ ಕೆಲಸ ಮಾಡುತ್ತಿವೆ. ಅದೇ ವಯಸ್ಸಿನ ಅನೇಕ ದೊಡ್ಡ ಯಂತ್ರಗಳು ಗುಜರಿಗೆ ಸೇರಿ ಬಹುಕಾಲವಾಯಿತು. ಈ ವ್ಯತ್ಯಾಸಕ್ಕೆ ಕಾರಣವೇನೆಂಬ ಪ್ರಶ್ನೆ ಕ್ಷುಲ್ಲಕವಾದುದಲ್ಲ.

೨

ಮೊದಲು ಯಂತ್ರದ ರಚನೆಯನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಈ ರೀಲಿನಲ್ಲಿ ದಾರ ಸುತ್ತಿದ ಉರುಳೆಯು ಕೋಲಿಗೆ ಅಡ್ಡಲಾಗಿ, ಎರಡು ಪಕ್ಕದ ಫಲಕಗಳ ನಡುವೆ ತಿರುಗುತ್ತದೆ. ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ದೊಡ್ಡ ಹಲ್ಲುಗಾಲಿಯು ಚಿಕ್ಕ ಹಲ್ಲುಗಾಲಿಯನ್ನು ನೂಕಿ, ಉರುಳೆಯನ್ನು ಹಲವು ಸುತ್ತು ತಿರುಗಿಸುತ್ತದೆ. ಹಳೆಯ ರೀಲುಗಳಲ್ಲಿ ಈ ಪ್ರಮಾಣ ಸಾಮಾನ್ಯವಾಗಿ ಒಂದಕ್ಕೆ ನಾಲ್ಕು. ಗಾಳವನ್ನು ಬೀಸಿ ಎಸೆದಾಗ ಎರೆಯ ಭಾರವೇ ದಾರವನ್ನು ಎಳೆದೊಯ್ಯುತ್ತದೆ. ಆಗ ಉರುಳೆಯು ವಿರುದ್ಧ ದಿಕ್ಕಿನಲ್ಲಿ ಅತಿವೇಗದಿಂದ ತಿರುಗಬೇಕಾಗುತ್ತದೆ. ಎರೆಯ ವೇಗ ತಗ್ಗಿದ ಮೇಲೂ ಉರುಳೆ ಅದೇ ವೇಗದಿಂದ ತಿರುಗಿದರೆ ದಾರವು ಸಿಕ್ಕುಸಿಕ್ಕಾಗಿ ಗೂಡು ಕಟ್ಟುತ್ತದೆ. ಆದುದರಿಂದ ಬೇಟೆಗಾರನು ಹೆಬ್ಬೆರಳಿನಿಂದ ಉರುಳೆಯನ್ನು ಹದವಾಗಿ ಒತ್ತಿ ಹಿಡಿಯುತ್ತಾನೆ.

ಹೀಗೆ ಒಂದೇ ಯಂತ್ರವು ಎರಡು ವಿರುದ್ಧ ಕೆಲಸಗಳನ್ನು ಮಾಡಬೇಕು. ಎಸೆಯುವಾಗ ಅದು ಗಡಿಯಾರದ ಗಾಲಿಯಂತೆ ಹಗುರವಾಗಿ ತಿರುಗಬೇಕು. ಮೀನು ಸಿಕ್ಕಿದಾಗ ಬಾವಿಯ ರಾಟೆಯಂತೆ ಭಾರವನ್ನು ತಡೆಯಬೇಕು. ಮೊದಲ ಗುಣಕ್ಕೆ ಸೂಕ್ಷ್ಮತೆ ಬೇಕು, ಎರಡನೆಯದಕ್ಕೆ ಗಟ್ಟಿತನ. ಬಾಳಿಕೆಯ ಸಮಸ್ಯೆಯೆಲ್ಲ ಈ ದ್ವಂದ್ವದಲ್ಲಿಯೇ ಅಡಗಿದೆ.

೩

ಹಲ್ಲುಗಾಲಿಗಳುಳ್ಳ ರೀಲು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿಯೇ ಲಂಡನ್ನಿನ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಆದರೆ ಅದರ ಹಿತ್ತಾಳೆಯ ಗಾಲಿಗಳು ಮೃದುವಾಗಿದ್ದು ಭಾರ ಬಿದ್ದಾಗ ಕೆಡುತ್ತಿದ್ದುದರಿಂದ ಇಂಗ್ಲೆಂಡಿನಲ್ಲಿ ಅದು ಹೆಚ್ಚು ಕಾಲ ಮನ್ನಣೆಯನ್ನು ಪಡೆಯಲಿಲ್ಲ. ಅದಕ್ಕೆ ಪುನರ್ಜನ್ಮ ದೊರೆತುದು ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ. ಅಲ್ಲಿನ ಪ್ಯಾರಿಸ್ ಎಂಬ ಚಿಕ್ಕ ಪಟ್ಟಣದಲ್ಲಿ ಜಾರ್ಜ್ ಸ್ನೈಡರ್ ಎಂಬ ಬೆಳ್ಳಿ ಮತ್ತು ಗಡಿಯಾರದ ಕೆಲಸಗಾರನು ಹತ್ತೊಂಬತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ತನ್ನ ಮತ್ತು ತನ್ನ ಮಿತ್ರರ ಉಪಯೋಗಕ್ಕಾಗಿ ಇಂಥ ರೀಲುಗಳನ್ನು ಮಾಡಿದನು. ಬಳಿಕ ಫ್ರಾಂಕ್‌ಫರ್ಟ್ ನಗರದಲ್ಲಿ ಜೋನಥನ್ ಮೀಕ್ ಮತ್ತು ಬೆಂಜಮಿನ್ ಮೀಕ್ ಎಂಬ ಸಹೋದರರೂ, ಅವರ ಬಳಿ ಕೆಲಸ ಕಲಿತ ಬೆಂಜಮಿನ್ ಮೈಲಮ್ ಎಂಬಾತನೂ ಈ ಕಲೆಯನ್ನು ಮುಂದುವರಿಸಿದರು.

ಇವರೆಲ್ಲರೂ ಗಡಿಯಾರದ ಕೆಲಸಗಾರರೇ ಆಗಿದ್ದರೆಂಬುದು ಆಕಸ್ಮಿಕವಲ್ಲ. ಆ ಕಾಲದ ರೀಲಿನಲ್ಲಿ ಎಸೆಯುವಾಗ ಹಲ್ಲುಗಾಲಿಗಳು ಬೇರ್ಪಡುತ್ತಿರಲಿಲ್ಲ. ಉರುಳೆಯ ಜೊತೆಗೆ ಹಿಡಿಕೆಯೂ ಗಿರಗಿರನೆ ತಿರುಗುತ್ತಿತ್ತು. ಅಚ್ಚಿನ ತುದಿಯಲ್ಲಿ ಕೂದಲೆಳೆಯಷ್ಟು ಓರೆಯಿದ್ದರೂ ಎಸೆತ ಕೆಡುತ್ತಿತ್ತು. ಅಷ್ಟು ನಯವಾಗಿ ಲೋಹವನ್ನು ಕಡೆದು ಕೂಡಿಸಬಲ್ಲವರು ಆ ಊರುಗಳಲ್ಲಿ ಗಡಿಯಾರದವರನ್ನು ಬಿಟ್ಟರೆ ಬೇರೆ ಯಾರಿದ್ದರು? ಇವರು ಹಿತ್ತಾಳೆಯ ಜೊತೆಗೆ ಜರ್ಮನ್ ಸಿಲ್ವರ್ ಎಂಬ ಮಿಶ್ರಲೋಹವನ್ನೂ ಬಳಸಿದರು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿ ಇರುವುದು ತಾಮ್ರ, ನಿಕಲ್ ಮತ್ತು ಸತು. ಅದು ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ.

ಇಲ್ಲಿ ಒಂದು ಸಣ್ಣ ಸಂಗತಿಯತ್ತ ಓದುಗರ ಗಮನವನ್ನು ವಿಶೇಷವಾಗಿ ಸೆಳೆಯಬೇಕಾಗಿದೆ. ಮೀಕ್ ಮತ್ತು ಮೈಲಮ್ ಅವರ ರೀಲುಗಳಲ್ಲಿ ತಿರುಪುಗಳಿಗೂ ಅವು ಕೂರುವ ರಂಧ್ರಗಳಿಗೂ ಗುರುತು ಹಾಕಿರುವುದುಂಟು. ಒಂದನೆಯ ತಿರುಪು ಒಂದನೆಯ ರಂಧ್ರಕ್ಕೇ ಸೇರಬೇಕು, ಎರಡನೆಯದು ಎರಡನೆಯದಕ್ಕೇ. ಈ ಗುರುತಿನಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ರೀಲನ್ನು ಮಾಡಿದವನು ಅದು ಮುಂದೆ ಮತ್ತೆ ಮತ್ತೆ ಬಿಚ್ಚಲ್ಪಡುವುದೆಂದು ಮೊದಲೇ ಬಲ್ಲವನಾಗಿದ್ದನು, ಇದು ಮೊದಲನೆಯದು. ಒಂದು ರೀಲಿನ ಅಂಗ ಇನ್ನೊಂದಕ್ಕೆ ಒಗ್ಗುತ್ತಿರಲಿಲ್ಲ, ಒಂದೊಂದೂ ಕೈಯಿಂದ ಹೊಂದಿಸಿದ್ದು, ಇದು ಎರಡನೆಯದು. ಅಂದಮೇಲೆ ಕೆಂಟಕಿ ರೀಲಿನ ಬಾಳಿಕೆಯು ಕುಶಲಕರ್ಮಿಯ ಬಾಳಿಕೆಯನ್ನು ಅವಲಂಬಿಸಿತ್ತು. ಗಾಲಿಯ ಹಲ್ಲು ಮುರಿದರೆ ಹೊಸದನ್ನು ಕೊಂಡು ತರುವಂತಿರಲಿಲ್ಲ. ಅದನ್ನು ಕಡೆದುಕೊಡಬಲ್ಲವನು ಹತ್ತಿರದಲ್ಲಿರಬೇಕಾಗಿತ್ತು.

೪

ಬೆಂಜಮಿನ್ ಮೀಕ್ ೧೮೮೨ರ ಸುಮಾರಿಗೆ ಲೂಯಿವಿಲ್ ನಗರಕ್ಕೆ ಹೋಗಿ ತನ್ನ ಮಕ್ಕಳೊಡನೆ ಉದ್ಯಮವನ್ನು ಬೆಳೆಸಿದನು. ೧೯೧೬ರಲ್ಲಿ ಆ ಸಂಸ್ಥೆಯನ್ನು ಕನೆಕ್ಟಿಕಟ್ ಸಂಸ್ಥಾನದ ಹಾರ್ಟನ್ ಕಂಪನಿ ಕೊಂಡುಕೊಂಡಿತು. ಅಷ್ಟರಲ್ಲಿ ರೀಲಿನ ತಯಾರಿಕೆಯು ಗಡಿಯಾರದ ಮೇಜಿನಿಂದ ಕಾರ್ಖಾನೆಗೆ ಸಾಗತೊಡಗಿತ್ತು. ಈ ಕಾಲದ ಮುಖ್ಯ ಸುಧಾರಣೆಯೆಂದರೆ ಮಿಚಿಗನ್ ಸಂಸ್ಥಾನದ ಕಲಮಜೂ ನಗರದ ವಿಲಿಯಂ ಶೇಕ್ಸ್‌ಪಿಯರ್ ಎಂಬ ಉದ್ಯಮಿಯು ೧೮೯೦ರ ದಶಕದ ಉತ್ತರಾರ್ಧದಲ್ಲಿ ರೂಪಿಸಿದ, ದಾರವನ್ನು ಸಮನಾಗಿ ಹರಡುವ ಏರ್ಪಾಡು. ಅದಕ್ಕೆ ಮೊದಲು ದಾರವು ಒಂದೇ ಕಡೆ ಗುಡ್ಡೆಯಾಗದಂತೆ ಬೇಟೆಗಾರನು ಬೆರಳಿನಿಂದಲೇ ಹರಡುತ್ತಿದ್ದನು. ಹೊಸ ಏರ್ಪಾಡಿನಲ್ಲಿ ಎರಡು ದಿಕ್ಕಿನ ಸುರುಳಿಗೆರೆಗಳನ್ನು ಕೊರೆದ ಒಂದು ಸರಳು, ಆ ಗೆರೆಯೊಳಗೆ ಹರಿದಾಡುವ ಒಂದು ಪುಟ್ಟ ನಾಲಗೆ, ನಾಲಗೆಯೊಡನೆ ಎಡಬಲಕ್ಕೆ ಸಾಗುವ ದಾರದ ಕಣ್ಣು, ಈ ಮೂರು ಸೇರಿ ಆ ಕೆಲಸವನ್ನು ಮಾಡುತ್ತವೆ.

ಸುಧಾರಣೆಯು ಯಾವಾಗಲೂ ಹೊಸ ಋಣವನ್ನು ಜೊತೆಗೆ ತರುತ್ತದೆ. ಈ ಸರಳು ಯಂತ್ರದ ಹೊರಮುಖದಲ್ಲಿ ಇರುವುದರಿಂದ ಮರಳು, ಕೆಸರು, ನೀರು ಮೊದಲು ಸೇರುವುದು ಅದರ ಗೆರೆಗಳಿಗೇ. ನಾಲಗೆಯು ಪ್ರತಿ ಸುತ್ತಿನಲ್ಲಿಯೂ ಉಜ್ಜಲ್ಪಟ್ಟು ಸವೆಯುತ್ತದೆ. ಬೆರಳಿನ ಶ್ರಮ ಕಡಿಮೆಯಾಯಿತು, ಆರೈಕೆಯ ಶ್ರಮ ಹೆಚ್ಚಾಯಿತು. ಆದರೆ ವಿವೇಕಿಯಾದ ತಯಾರಕನು ಸವೆಯುವ ಅಂಗವನ್ನು ಚಿಕ್ಕದಾಗಿಯೂ ಅಗ್ಗವಾಗಿಯೂ ಸುಲಭವಾಗಿ ಬದಲಿಸುವಂತೆಯೂ ಇರಿಸುತ್ತಾನೆ. ನಾಲಗೆ ಸವೆಯಲಿ, ಸರಳು ಉಳಿಯಲಿ ಎಂಬುದೇ ಇದರ ಹಿಂದಿನ ತತ್ತ್ವ. ಬಾಳಿಕೆಯೆಂದರೆ ಏನೂ ಸವೆಯದಿರುವುದಲ್ಲ, ಸವೆಯಬೇಕಾದುದು ಮಾತ್ರ ಸವೆಯುವುದು ಎಂಬ ಮಾತು ಇಲ್ಲಿ ಪ್ರತ್ಯಕ್ಷವಾಗುತ್ತದೆ.

೫

ಮುಂದಿನ ಘಟ್ಟ ಸ್ವೀಡನ್ ದೇಶದ್ದು. ಆ ದೇಶದ ದಕ್ಷಿಣದಲ್ಲಿ, ಮೋರುಮ್ ನದಿಯ ದಡದ ಸ್ವೆಂಗ್‌ಸ್ತಾ ಎಂಬ ಊರಿನಲ್ಲಿ ಕಾರ್ಲ್ ಆಗಸ್ಟ್ ಬೋರ್ಗ್‌ಸ್ಟ್ರೋಮ್ ೧೯೨೧ರಲ್ಲಿ ಒಂದು ಕಾರ್ಖಾನೆಯನ್ನು ಸ್ಥಾಪಿಸಿದನು. ಅದರ ಹೆಸರು ಆಬ್ ಉರ್‌ಫಾಬ್ರಿಕೆನ್. ‘ಉರ್‌ಫಾಬ್ರಿಕೆನ್’ ಎಂಬ ಮಾತಿಗೆ ಗಡಿಯಾರದ ಕಾರ್ಖಾನೆಯೆಂದೇ ಅರ್ಥ. ಗಡಿಯಾರಗಳೂ ಬಾಡಿಗೆ ಮೋಟಾರುಗಳ ಮೀಟರುಗಳೂ ಅಲ್ಲಿ ತಯಾರಾಗುತ್ತಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೀಟರುಗಳ ವ್ಯಾಪಾರ ಕುಸಿಯಲು, ಸ್ಥಾಪಕನ ಮಗ ಯೋಟೆ ಬೋರ್ಗ್‌ಸ್ಟ್ರೋಮ್ ಕಾರ್ಖಾನೆಯನ್ನು ರೀಲುಗಳ ಕಡೆಗೆ ತಿರುಗಿಸಿದನು. ಕೆಂಟಕಿಯಲ್ಲಿ ನಡೆದಂತೆಯೇ ಸ್ವೀಡನ್ನಿನಲ್ಲಿಯೂ ಗಡಿಯಾರದ ವಿದ್ಯೆಯೇ ರೀಲಿಗೆ ತಾಯಿಯಾಯಿತು. ‘ಆಬು’ ಎಂಬ ಕಿರುಹೆಸರಿನಿಂದ ಪ್ರಸಿದ್ಧವಾದ ಈ ಸಂಸ್ಥೆಯು ೧೯೫೦ರ ದಶಕದ ಆರಂಭದಲ್ಲಿ ‘ಅಂಬಾಸಡ್ಯೂರ್ ೫೦೦೦’ ಎಂಬ ಕೆಂಪು ಬಣ್ಣದ ರೀಲನ್ನು ಹೊರತಂದಿತು.

ಈ ರೀಲಿನಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಹಲ್ಲುಗಾಲಿಯು ಉರುಳೆಯಿಂದ ಬೇರ್ಪಡುತ್ತಿತ್ತು. ಎಸೆಯುವಾಗ ಹಿಡಿಕೆ ತಿರುಗುತ್ತಿರಲಿಲ್ಲ. ಉರುಳೆಯ ವೇಗ ಹೆಚ್ಚಿದಾಗ ಹೊರಕ್ಕೆ ಸರಿದು ಉಜ್ಜುವ ಪುಟ್ಟ ತುಂಡುಗಳು ಹೆಬ್ಬೆರಳಿಗೆ ನೆರವಾಗುತ್ತಿದ್ದವು. ಆದರೆ ನಮ್ಮ ದೃಷ್ಟಿಯಿಂದ ಹೆಚ್ಚು ಮಹತ್ತ್ವದ್ದು ರೀಲಿನ ಜೊತೆಗೆ ಬರುತ್ತಿದ್ದ ಸಾಮಗ್ರಿ. ತಿರುಪು ಬಿಚ್ಚುವ ಒಂದು ಚಿಕ್ಕ ಸಾಧನ, ಎಣ್ಣೆ, ಬಿಡಿ ನಾಲಗೆ, ಅಂಗಾಂಗಗಳನ್ನು ಬಿಡಿಸಿ ತೋರಿಸುವ ಚಿತ್ರ, ಇವು ಕೊಳ್ಳುವವನ ಕೈಗೆ ಬರುತ್ತಿದ್ದವು. ಕೆಂಟಕಿಯ ಕುಶಲಕರ್ಮಿ ತಿರುಪಿನ ಮೇಲೆ ಹಾಕಿದ ಗುರುತು ಇನ್ನೊಬ್ಬ ಕುಶಲಕರ್ಮಿಗೆ ಬರೆದ ಪತ್ರದಂತಿತ್ತು. ಸ್ವೆಂಗ್‌ಸ್ತಾದ ಚಿತ್ರವು ಬಳಸುವವನಿಗೇ ಬರೆದ ಪತ್ರ. ಅಂಗಗಳು ಅಳತೆಗೆ ಸರಿಯಾಗಿ ತಯಾರಾಗುತ್ತಿದ್ದುದರಿಂದ ಸವೆದದ್ದನ್ನು ತೆಗೆದು ಹೊಸದನ್ನು ಕೂರಿಸುವುದು ಸಾಮಾನ್ಯನಿಗೂ ಸಾಧ್ಯವಾಯಿತು. ೧೯೭೦ರ ದಶಕದ ಮಧ್ಯಭಾಗದಿಂದ ರೀಲಿನ ಪಾದದಲ್ಲಿ ಒತ್ತಿದ ಅಂಕಿಗಳಿಂದ ಅದು ಯಾವ ವರ್ಷ, ಯಾವ ತಿಂಗಳಿನ ಮಾದರಿಯೆಂದು ತಿಳಿದು, ಅದಕ್ಕೆ ತಕ್ಕ ಅಂಗವನ್ನೇ ತರಿಸಿಕೊಳ್ಳಬಹುದಾಗಿತ್ತು.

ಆದರೆ ಇದಕ್ಕೂ ಒಂದು ಮಿತಿಯುಂಟು. ಕೈಕೆಲಸದ ರೀಲು ಕುಶಲಕರ್ಮಿಯನ್ನು ಅವಲಂಬಿಸಿದಂತೆ, ಕಾರ್ಖಾನೆಯ ರೀಲು ಬಿಡಿಭಾಗಗಳ ಸರಬರಾಜನ್ನು ಅವಲಂಬಿಸುತ್ತದೆ. ಕಾರ್ಖಾನೆಯು ಹಳೆಯ ಅಂಗಗಳನ್ನು ಮಾಡುವುದನ್ನು ಬಿಟ್ಟರೆ, ಅಥವಾ ಹೊಸ ಮಾದರಿಯು ಹಳೆಯದಕ್ಕೆ ಒಗ್ಗದಂತಾದರೆ, ಲೋಹ ಗಟ್ಟಿಯಿದ್ದರೂ ಯಂತ್ರ ನಿಲ್ಲುತ್ತದೆ. ಅಂಬಾಸಡ್ಯೂರ್ ಬಹುಕಾಲ ಬಾಳಿದುದಕ್ಕೆ ಒಂದು ಮುಖ್ಯ ಕಾರಣವೆಂದರೆ ಅದರ ಮೂಲ ರಚನೆಯನ್ನು ದಶಕಗಳವರೆಗೆ ಹೆಚ್ಚು ಬದಲಿಸದೆ ಉಳಿಸಿಕೊಂಡದ್ದು.

೬

ಇನ್ನು ಆರೈಕೆಯ ಕ್ರಮವನ್ನು ನೋಡೋಣ. ನೈಲಾನ್ ದಾರ ಬರುವುದಕ್ಕೆ ಮೊದಲು, ಎಂದರೆ ೧೯೩೦ರ ದಶಕದ ಕೊನೆಯವರೆಗೆ, ಈ ರೀಲುಗಳಲ್ಲಿ ಹೆಚ್ಚಾಗಿ ಹೆಣೆದ ರೇಷ್ಮೆಯ ದಾರವನ್ನು ಸುತ್ತುತ್ತಿದ್ದರು. ಒದ್ದೆಯಾದ ರೇಷ್ಮೆಯನ್ನು ಹಾಗೆಯೇ ಬಿಟ್ಟರೆ ಕೊಳೆಯುತ್ತದೆ. ಆದ್ದರಿಂದ ಪ್ರತಿ ಸಂಜೆ ದಾರವನ್ನು ಬಿಚ್ಚಿ ಒಣಗಿಸುವುದು ಅನಿವಾರ್ಯವಾಗಿತ್ತು. ಈ ಅನಿವಾರ್ಯತೆಯಿಂದ ರೀಲಿಗೂ ಉಪಕಾರವಾಯಿತು. ದಾರ ಬಿಚ್ಚುವವನು ಉರುಳೆಯನ್ನೂ ಒರೆಸುತ್ತಿದ್ದನು. ನೈಲಾನ್ ಕೊಳೆಯುವುದಿಲ್ಲ; ಆದರೆ ಅದು ಬಂದ ಮೇಲೆ ದಿನನಿತ್ಯದ ತಪಾಸಣೆಗೆ ಇದ್ದ ಒಂದು ನಿರ್ಬಂಧವೂ ಕಳಚಿತು.

ಅನುಭವದಿಂದ ಸಿದ್ಧವಾದ ನಿಯಮಗಳು ಸರಳವಾದವು. ವೇಗವಾಗಿ ತಿರುಗುವ ಅಚ್ಚಿನ ತುದಿಗಳಿಗೆ ತೆಳುವಾದ ಎಣ್ಣೆ ಒಂದೇ ತೊಟ್ಟು. ಭಾರ ಹೊರುವ ಹಲ್ಲುಗಾಲಿಗಳಿಗೆ ತೆಳುವಾಗಿ ಸವರಿದ ಗ್ರೀಸು. ಅತಿಯಾದರೆ ಎರಡೂ ಹಾನಿಕರ. ಹೆಚ್ಚಾದ ಗ್ರೀಸು ಮರಳನ್ನು ಹಿಡಿದಿಟ್ಟುಕೊಂಡು ಲೋಹವನ್ನು ಅರೆಯುತ್ತದೆ. ಹಳೆಯ ಎಣ್ಣೆ ಅಂಟಾಗಿ ಹೆಪ್ಪುಗಟ್ಟುತ್ತದೆ. ವೇಗ ತಡೆಯುವ ತುಂಡುಗಳಿಗೆ ಎಣ್ಣೆ ತಗಲಿದರೆ ತಡೆ ಕೆಡುತ್ತದೆ. ಉಪ್ಪುನೀರಿನಲ್ಲಿ ಬಳಸಿದ ರೀಲನ್ನು ಸಿಹಿನೀರಿನಿಂದ ತೊಳೆದು ಒಣಗಿಸಬೇಕು. ಅಲ್ಯೂಮಿನಿಯಂ ಚೌಕಟ್ಟೂ ಹಿತ್ತಾಳೆ ಅಥವಾ ಉಕ್ಕಿನ ತಿರುಪೂ ಉಪ್ಪುನೀರಿನಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ವಿದ್ಯುದ್ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ತಿನ್ನಲ್ಪಡುತ್ತದೆ. ಮೀನಿನ ಎಳೆತಕ್ಕೆ ಹದವಾಗಿ ಸಡಿಲಗೊಡುವ ಬಿಲ್ಲೆಗಳನ್ನು ಬಿಗಿದಿಟ್ಟು ತಿಂಗಳುಗಟ್ಟಲೆ ಬಿಡಬಾರದು. ಅವು ಒತ್ತಿ ಅಂಟಿಕೊಳ್ಳುತ್ತವೆ. ಇಷ್ಟನ್ನು ಮಾಡಿದವನ ರೀಲು ಮಗನ ಕಾಲಕ್ಕೂ ಉಳಿಯಿತು. ಮಾಡದವನದು ಕೆಲವೇ ವರ್ಷಗಳಲ್ಲಿ ಹಾಳಾಯಿತು. ಎರಡೂ ಒಂದೇ ಕಾರ್ಖಾನೆಯ, ಒಂದೇ ಲೋಹದ ರೀಲುಗಳು. ಅಂದಮೇಲೆ ಬಾಳಿಕೆಯನ್ನು ಲೋಹದ ಗುಣವೆಂದು ಮಾತ್ರ ಹೇಳುವುದು ಹೇಗೆ ಸರಿಯಾದೀತು?

೭

ಮೇಲಿನ ವಿವೇಚನೆಯಿಂದ ನಾವು ತಲಪುವ ನಿರ್ಣಯ ಹೀಗಿದೆ. ದೀರ್ಘಬಾಳಿಕೆಯು ಮೂರು ಸಂಗತಿಗಳ ಕೂಟ: ಬಿಚ್ಚಿ ಜೋಡಿಸಬಹುದಾದ ರಚನೆ, ಸವೆದ ಅಂಗ ಮತ್ತೆ ದೊರೆಯುವ ವ್ಯವಸ್ಥೆ, ಬಿಚ್ಚಿ ಜೋಡಿಸುವ ತಾಳ್ಮೆಯ ಕೈ. ಇವುಗಳಲ್ಲಿ ಮೊದಲನೆಯದನ್ನು ಮಾಡಿದವರ ಹೆಸರು ರೀಲಿನ ಮೇಲೆಯೇ ಕೆತ್ತಿದೆ. ಮೂರನೆಯದನ್ನು ನಡೆಸಿದವರ ಹೆಸರು ಎಲ್ಲಿಯೂ ಇಲ್ಲ. ಆದರೆ ಅವರ ಸಾಕ್ಷ್ಯ ಇಲ್ಲದಿಲ್ಲ. ಬಿಚ್ಚಿ ಬಿಚ್ಚಿ ಸವೆದ ತಿರುಪಿನ ತಲೆ, ಬೇರೆ ಬಣ್ಣದ ಲೋಹದ ಬದಲಿ ಗಾಲಿ, ಹೆಬ್ಬೆರಳು ಉಜ್ಜಿ ನುಣುಪಾದ ಅಂಚು, ಇವೆಲ್ಲ ಓದಲು ಬಲ್ಲವನಿಗೆ ಶಾಸನಗಳೇ. ಹಳೆಯ ರೀಲನ್ನು ಸಂಗ್ರಹಕ್ಕಾಗಿ ಕೊಂಡವರು ಅದನ್ನು ಉಜ್ಜಿ ಹೊಳಪಿಸಿ ಹೊಸದರಂತೆ ಮಾಡಲು ಹೋಗುವುದುಂಟು. ಶಾಸನದ ಕಲ್ಲನ್ನು ಅಂದಕ್ಕಾಗಿ ಕೆತ್ತಿ ನುಣುಪು ಮಾಡಿದಂತೆಯೇ ಇದು. ಬಳಸುವವನ ಆರೈಕೆಯು ಯಂತ್ರವನ್ನು ಉಳಿಸುತ್ತದೆ. ಸಂಗ್ರಹಕಾರನ ಅತಿಯಾದ ಆರೈಕೆಯು ಅದರ ಇತಿಹಾಸವನ್ನು ಅಳಿಸುತ್ತದೆ.

ಈ ಯಂತ್ರಕ್ಕೂ ನಮ್ಮ ನಾಡಿಗೂ ಒಂದು ಸಂಬಂಧವಿದೆ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕಾವೇರಿಯ ಮಹಶೀರ್ ಮೀನಿನ ಬೇಟೆಗೆ ಬಂದವರ ಕೈಯಲ್ಲಿ ಇದೇ ಜಾತಿಯ, ಗಾತ್ರದಲ್ಲಿ ದೊಡ್ಡದಾದ ರೀಲುಗಳಿದ್ದವು. ಅಂಥ ರೀಲುಗಳಲ್ಲಿ ಹಲವು ಇಂದಿಗೂ ಸುಸ್ಥಿತಿಯಲ್ಲಿರಬಹುದು. ಆದರೆ ಕಾವೇರಿಯ ಗೂನುಬೆನ್ನಿನ ಮಹಶೀರ್ ೨೦೧೮ರಲ್ಲಿ ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಮನುಷ್ಯನು ಮಾಡಿದ ರಾಟೆಗೆ ಎಣ್ಣೆ ಹಾಕಿ ಕಾಪಾಡಿದಷ್ಟು ಎಚ್ಚರವನ್ನು ತಾನು ಮಾಡದ ನದಿಯ ವಿಷಯದಲ್ಲಿ ತೋರಲಿಲ್ಲವೆಂಬುದು ಇದರಿಂದ ವಿದಿತವಾಗುತ್ತದೆ. ಕಾಪಾಡುವಿಕೆಯ ಇತಿಹಾಸವೆಂದರೆ ಕೇವಲ ವಸ್ತುಗಳ ಇತಿಹಾಸವಲ್ಲ. ಯಾವುದನ್ನು ಕಾಪಾಡಬೇಕೆಂದು ಒಂದು ಕಾಲದ ಜನರು ಬಗೆದರು, ಯಾವುದನ್ನು ಕಡೆಗಣಿಸಿದರು ಎಂಬುದರ ಇತಿಹಾಸವೂ ಹೌದು.

ನಮ್ಮ ಊರುಗಳಲ್ಲಿಯೂ ಎಣ್ಣೆಯ ಗಾಣ, ನೂಲಿನ ರಾಟೆ, ಹೊಲಿಗೆಯ ಯಂತ್ರ, ಗೋಡೆ ಗಡಿಯಾರ ಮೊದಲಾದವು ತಲೆಮಾರುಗಳ ದುರಸ್ತಿಯ ಗುರುತನ್ನು ಹೊತ್ತು ನಿಂತಿವೆ. ಅವುಗಳನ್ನು ದುರಸ್ತಿ ಮಾಡಬಲ್ಲ ಹಿರಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಇತಿಹಾಸದ ವಿದ್ಯಾರ್ಥಿಗಳು ತಾಮ್ರಶಾಸನಗಳನ್ನು ಹುಡುಕುವಷ್ಟೇ ಶ್ರದ್ಧೆಯಿಂದ ಈ ಹಿರಿಯರನ್ನೂ ಹುಡುಕಿ, ಅವರ ಕೈಯ ಅರಿವನ್ನು ಬರೆದಿಡುವುದು ಕರ್ತವ್ಯವೆಂದು ನಾವು ಭಾವಿಸುತ್ತೇವೆ.